ಮೊದಲು ಕಿವಿ, ಆಮೇಲೆ ಹಾಡು: ದುಬಾರಿ ವೈರ್‌ಲೆಸ್ ಹೆಡ್‌ಫೋನ್ ಪರೀಕ್ಷಿಸಿ ಕೊಳ್ಳುವ ಕ್ರಮ

ಅಂಗಡಿಗೆ ಹೋಗಿ, 25 ಸಾವಿರ ರೂಪಾಯಿಗೆ ಮೇಲಿನ ಹೆಡ್‌ಫೋನನ್ನು ಎರಡು ನಿಮಿಷ ತಲೆಗೇರಿಸಿ, ಯಾವುದೋ ಒಂದು ಹಾಡಿನ ಪಲ್ಲವಿ ಕೇಳಿ, ‘ಬೇಸ್ ಸೂಪರ್’ ಎಂದು ದುಡ್ಡು ಕೊಟ್ಟು ಬಂದವರು ಹದಿನೈದು ದಿನದಲ್ಲಿ ಎರಡು ಮಾತು ಹೇಳುತ್ತಾರೆ. ಅರ್ಧ ಗಂಟೆ ಹಾಕಿಕೊಂಡರೆ ನೆತ್ತಿ ನೋಯುತ್ತದೆ ಅನ್ನುವುದು ಒಂದು. ಅಂಗಡಿಯಲ್ಲಿ ಕೇಳಿದ ಹಾಗೆ ಮನೆಯಲ್ಲಿ ಕೇಳಿಸುತ್ತಿಲ್ಲ ಅನ್ನುವುದು ಇನ್ನೊಂದು. ಎರಡಕ್ಕೂ ಮೂಲ ಬಹುತೇಕ ಒಂದೇ. ಕಿವಿಯ ಸುತ್ತ ಕುಶನ್ ಹೇಗೆ ಕೂತಿದೆ ಎಂಬುದರ ಮೇಲೆ ಆರಾಮವೂ ನಿಂತಿದೆ, ಧ್ವನಿಯೂ ನಿಂತಿದೆ. ಕುಶನ್ನಿಗೂ ಚರ್ಮಕ್ಕೂ ನಡುವೆ ಬೆಂಕಿಕಡ್ಡಿಯಷ್ಟು ಸಂದಿ ಉಳಿದರೂ ಮೊದಲು ಸೋರಿಹೋಗುವುದು ಬೇಸ್, ಅದರ ಬೆನ್ನಿಗೇ ಹೊರಗಿನ ಗದ್ದಲ ಅಳಿಸುವ ನಾಯ್ಸ್ ಕ್ಯಾನ್ಸಲಿಂಗ್‌ನ ಬಲ. ಹಾಗಾಗಿ ಪರೀಕ್ಷೆಯನ್ನು ಹಾಡಿನಿಂದ ಶುರು ಮಾಡಬೇಡಿ, ಕಿವಿಯಿಂದ ಶುರು ಮಾಡಿ.

ಮನೆಯಲ್ಲೇ ಮುಗಿಸಬೇಕಾದ ಕೆಲಸ

ಒಂದು ಸ್ಕೇಲ್ ತೆಗೆದುಕೊಂಡು ಕಿವಿಯ ಎತ್ತರ ಅಳೆಯಿರಿ, ಮೇಲಿನ ಅಂಚಿನಿಂದ ಕೆಳಗಿನ ಹಾಲೆಯ ತುದಿಯವರೆಗೆ. ದೊಡ್ಡವರಲ್ಲಿ ಅದು ಸಾಮಾನ್ಯವಾಗಿ 6ರಿಂದ 7 ಸೆಂಟಿಮೀಟರ್ ಇರುತ್ತದೆ. ತಲೆಯಿಂದ ಕಿವಿ ಎಷ್ಟು ಹೊರಗೆ ಚಾಚಿದೆ ಎಂಬುದನ್ನೂ ಮನೆಯವರ ಕೈಲಿ ಅಳೆಸಿ ಬರೆದಿಟ್ಟುಕೊಳ್ಳಿ. ಎರಡನೆಯ ಅಳತೆಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ನೋವು ಕೊಡುವುದು ಮಾತ್ರ ಅದೇ. ಕುಶನ್ನಿನ ಕುಳಿ ಆಳವಿಲ್ಲದಿದ್ದರೆ ಕಿವಿಯ ಮೇಲಂಚು ಒಳಗಿನ ಬಟ್ಟೆಯ ಪರದೆಗೆ ತಗಲುತ್ತದೆ. ಮೊದಲ ಐದು ನಿಮಿಷ ಗೊತ್ತೇ ಆಗುವುದಿಲ್ಲ. ಅರ್ಧ ಗಂಟೆ ಕಳೆಯುವ ಹೊತ್ತಿಗೆ ಅಂಚು ಕೆಂಪಾಗಿ ಉರಿಯಲು ಶುರುವಾಗುತ್ತದೆ.

ನೀವು ನೂರು ಸಲ ಕೇಳಿರುವ ಐದಾರು ಧ್ವನಿಮುದ್ರಣಗಳನ್ನು ಫೋನಿಗೆ ಡೌನ್‌ಲೋಡ್ ಮಾಡಿಕೊಳ್ಳಿ. ಆಪ್‌ನಲ್ಲಿ ಡೌನ್‌ಲೋಡ್ ಗುಣಮಟ್ಟವನ್ನು ಮೊದಲೇ ಗರಿಷ್ಠಕ್ಕೆ ಇಟ್ಟಿರಬೇಕು. ಡೌನ್‌ಲೋಡ್ ಮಾಡದೆ ನೇರ ನೆಟ್‌ನಿಂದ ಕೇಳಿದರೆ ಅಂಗಡಿಯೊಳಗೆ ನೆಟ್‌ವರ್ಕ್ ಕುಂಟಿದಾಗ ಆಪ್ ತಾನೇ ಗುಣಮಟ್ಟ ಇಳಿಸಿಬಿಡುತ್ತದೆ, ದೋಷ ಹೆಡ್‌ಫೋನಿನ ತಲೆಗೆ ಕಟ್ಟುತ್ತದೆ. ಜೊತೆಗೆ ಮೂರು ಟೆಸ್ಟ್ ಟೋನ್ (ಒಂದೇ ಸ್ವರ ಎಳೆದು ಹಿಡಿದ ಸದ್ದು) ಇರಲಿ: 50, 100 ಮತ್ತು 200 ಹರ್ಟ್ಜ್. ಬೀದಿಯ ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತಾಗ ಕೇಳಿಸುವ ‘ಗುಂಯ್’ ಸದ್ದಿದೆಯಲ್ಲ, ಅದರ ಮೂಲ 100 ಹರ್ಟ್ಜ್. 50 ಅದಕ್ಕಿಂತ ಒಂದು ಸ್ಥಾಯಿ ಕೆಳಗೆ.

ಕನ್ನಡಕ ಹಾಕುವವರು ದಿನವೂ ಹಾಕುವ ಕನ್ನಡಕವನ್ನೇ ಹಾಕಿಕೊಂಡು ಹೋಗಿ. ಹೆಂಗಸರು ದಿನವೂ ಇಡುವ ಓಲೆಯನ್ನೇ ಇಟ್ಟುಕೊಂಡು, ದಿನವೂ ಹಾಕುವ ಹಾಗೇ ತಲೆ ಬಾಚಿಕೊಂಡು ಹೋಗಬೇಕು. ತುರುಬು ಎತ್ತರಕ್ಕಿದ್ದರೆ ಹೆಡ್‌ಬ್ಯಾಂಡ್ ಕೂರುವ ಜಾಗವೇ ಬದಲಾಗುತ್ತದೆ. ಓಲೆಯ ತಿರುಪು ಕಿವಿಯ ಹಿಂದೆ ಎದ್ದು ನಿಂತಿದ್ದರೆ ಹಾಲೆ ಒಳಕ್ಕೆ ಒತ್ತಿದಾಗ ಅದು ನೇರ ಚರ್ಮಕ್ಕೆ ಚುಚ್ಚುತ್ತದೆ. ಕಂಪನಿಯ ಯಾವ ಜಾಹೀರಾತಿನಲ್ಲೂ ಈ ತಿರುಪಿನ ಮಾತಿಲ್ಲ. ಓಲೆ ತೆಗೆಯುವ ಅಭ್ಯಾಸವಿಲ್ಲದವರಿಗೆ ಮಾತ್ರ ಇದು ಎಷ್ಟೋ ದೊಡ್ಡ ವಿಷಯ.

ಅಂಗಡಿಯಲ್ಲಿ ಮೊದಲ ಮಾತು

ಮೈಸೂರಿನಲ್ಲಿ ದೇವರಾಜ ಅರಸು ರಸ್ತೆಗೋ ಮಾಲಿಗೋ ಹೋಗುವುದಾದರೆ ವಾರದ ದಿನ ಬೆಳಿಗ್ಗೆ ಹೋಗಿ. ಮಂಡ್ಯದಿಂದ ಇದಕ್ಕೆಂದೇ 45 ಕಿಲೋಮೀಟರ್ ಬರುವವರು ಹಿಂದಿನ ದಿನ ಫೋನ್ ಮಾಡಿ ಡೆಮೋ ಪೀಸ್ ಇದೆಯೇ, ಚಾರ್ಜ್ ಆಗಿದೆಯೇ ಕೇಳಿಕೊಳ್ಳುವುದು ಒಳ್ಳೆಯದು. ಭಾನುವಾರ ಸಂಜೆ ಗಿಜಿಗುಡುವ ಅಂಗಡಿಯಲ್ಲಿ ಪರೀಕ್ಷೆ ಮಾಡಿದರೆ ಒಂದು ಮೋಸ ಆಗುತ್ತದೆ. ಎಸಿ, ಫ್ಯಾನ್, ರಸ್ತೆಯ ಗಾಡಿ ಎಲ್ಲದರ ಗದ್ದಲ ಕೆಳಸ್ಥಾಯಿಯದ್ದು. ಅದು ಹಾಡಿನ ಬೇಸನ್ನು ಮುಚ್ಚಿಬಿಡುತ್ತದೆ. ಆಗ ಬೇಸ್ ಅತಿಯಾಗಿರುವ ಹೆಡ್‌ಫೋನೇ ಹದವಾಗಿದೆ ಅನ್ನಿಸುತ್ತದೆ. ಮನೆಗೆ ತಂದು ರಾತ್ರಿ ಹತ್ತಕ್ಕೆ ಹಾಕಿಕೊಂಡರೆ ಅದೇ ಬೇಸ್ ಗುಮ್ಮೆಂದು ತಲೆಯೊಳಗೆ ತುಂಬಿಕೊಳ್ಳುತ್ತದೆ.

ಹೋದ ಕೂಡಲೇ ಕೇಳಬೇಕಾದ್ದು ಇಷ್ಟು: ‘ಸರ್, ಈ ಡೆಮೋ ಪೀಸ್ ಒಂದ್ಸಲ ರಿಸೆಟ್ ಮಾಡ್ಕೊಡ್ತೀರಾ?’ ಅನೇಕ ಮಾದರಿಗಳಲ್ಲಿ ಈಕ್ವಲೈಸರ್, ಅಂದರೆ ಬೇಸ್, ಟ್ರೆಬಲ್ ಏರಿಳಿಸಿದ ಹೊಂದಿಕೆ, ಉಳಿಯುವುದು ಫೋನಿನಲ್ಲಲ್ಲ, ಹೆಡ್‌ಫೋನಿನ ಒಳಗೇ. ಬೆಳಿಗ್ಗೆ ಬಂದ ಗಿರಾಕಿ ಬೇಸ್ ಪೂರ್ತಿ ಏರಿಸಿ ಹೋಗಿದ್ದರೆ ನೀವು ಕೇಳುತ್ತಿರುವುದು ಅವರ ರುಚಿಯನ್ನು. ರಿಸೆಟ್ ಆದ ಮೇಲೆ ನಿಮ್ಮ ಫೋನಿಗೇ ಜೋಡಿಸಿ, ಸ್ಪೇಷಿಯಲ್ ಆಡಿಯೋ, ಬೇಸ್ ಬೂಸ್ಟ್, ಫೋನಿನ ಸೌಂಡ್ ಎಫೆಕ್ಟ್ ಎಲ್ಲವನ್ನೂ ಆಫ್ ಮಾಡಿ.

ಕೂರುವ ಪರೀಕ್ಷೆ

ಇದಕ್ಕೆ ಕನಿಷ್ಠ 20 ನಿಮಿಷ ಬೇಕು, 40 ಸಿಕ್ಕರೆ ಬಹಳ ಒಳ್ಳೆಯದು. ಅಂಗಡಿಯವರಿಗೆ ಮೊದಲೇ ಹೇಳಿ ಕುರ್ಚಿ ಹಾಕಿಸಿಕೊಳ್ಳಿ, ಸಂಕೋಚ ಬೇಡ.

ಕಿವಿ ಮುಚ್ಚುವ ಎರಡು ಕಪ್ಪನ್ನೂ ಪೂರ್ತಿ ಕೆಳಗೆ ಎಳೆದು ತಲೆಗೆ ಹಾಕಿ, ಆಮೇಲೆ ಒಂದೊಂದೇ ಕ್ಲಿಕ್ ಮೇಲಕ್ಕೆ ತನ್ನಿ. ಹೆಡ್‌ಬ್ಯಾಂಡ್ ನೆತ್ತಿಗೆ ತಗಲಬೇಕು, ಆದರೆ ಭಾರ ಅಲ್ಲಿ ಕೂರಬಾರದು. ಭಾರದ ಬಹುಪಾಲನ್ನು ಕಿವಿಯ ಸುತ್ತಲ ಕುಶನ್ನೇ ಹಿಡಿದುಕೊಂಡಿರಬೇಕು. ಬ್ಯಾಂಡಿನ ಕೆಳಗೆ ಒಂದು ಬೆರಳು ಸಲೀಸಾಗಿ ಜಾರಿದರೆ ಹದ ಸರಿ.

ತೂಕದ ಲೆಕ್ಕ ಹೀಗಿದೆ. 2022ರಲ್ಲಿ ಬಂದ ಸೋನಿಯ ಡಬ್ಲ್ಯುಎಚ್-1000ಎಕ್ಸ್‌ಎಂ5, 2023ರ ಬೋಸ್ ಕ್ವಯಟ್‌ಕಂಫರ್ಟ್ ಅಲ್ಟ್ರಾ ಎರಡೂ ಸುಮಾರು 250 ಗ್ರಾಂ. ಸೆನ್‌ಹೈಸರ್ ಮೊಮೆಂಟಮ್ 4 ಸುಮಾರು 293 ಗ್ರಾಂ. ಆಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್ 385 ಗ್ರಾಂ ಆಸುಪಾಸು. 250ಕ್ಕೂ 385ಕ್ಕೂ ಇರುವ ವ್ಯತ್ಯಾಸ ಕೈಯಲ್ಲಿ ಹಿಡಿದಾಗ ದೊಡ್ಡದೆನಿಸದು, ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಎರಡೂವರೆ ಮೂರು ಗಂಟೆ ಕತ್ತಿನ ಮೇಲೆ ಹೊತ್ತಾಗ ಎನಿಸುತ್ತದೆ. ಹಾಗೆಂದು ತಕ್ಕಡಿಯನ್ನೊಂದೇ ನಂಬಬೇಡಿ. ಏರ್‌ಪಾಡ್ಸ್ ಮ್ಯಾಕ್ಸ್‌ನ ಜಾಲರಿ ಬ್ಯಾಂಡ್ ಭಾರವನ್ನು ನೆತ್ತಿಯ ಅಗಲಕ್ಕೆ ಹರಡುತ್ತದೆ. ಹಗುರವಾದ ಹೆಡ್‌ಫೋನೂ ಬ್ಯಾಂಡ್ ಕಿರಿದಾಗಿದ್ದು ಒಂದೇ ಜಾಗಕ್ಕೆ ಒತ್ತಿದರೆ ಬೇಗ ನೋಯಿಸುತ್ತದೆ. ಕೂದಲು ತೆಳುವಾದವರಿಗೆ ಇದು ಇನ್ನೂ ಬೇಗ ತಿಳಿಯುತ್ತದೆ.

ಹಾಕಿಕೊಂಡು ಹತ್ತು ನಿಮಿಷದ ನಂತರ ತಲೆ ಬಗ್ಗಿಸಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವ ಹಾಗೆ ಬಾಗಿ. ಹೆಡ್‌ಫೋನ್ ಮುಂದಕ್ಕೆ ಜಾರಿದರೆ ಬಿಗಿತ ಸಾಲದು. ನಂತರ ಬಾಯಿ ಅಗಲಿಸಿ ‘ಆ’ ಎನ್ನಿ, ಚೂಯಿಂಗ್ ಗಮ್ ಅಗಿಯುವ ಹಾಗೆ ದವಡೆ ಆಡಿಸಿ. ದವಡೆ ಆಡಿದಾಗೆಲ್ಲ ಬೇಸ್ ಏರಿಳಿದರೆ ಕುಶನ್ ಕೆಳಗಿನ ಮೂಲೆಯಲ್ಲಿ, ಅಂದರೆ ಹಾಲೆಯ ಹಿಂದಿನ ತಗ್ಗಿನಲ್ಲಿ, ಸರಿಯಾಗಿ ಕೂತಿಲ್ಲ.

ಕನ್ನಡಕದವರ ಪರೀಕ್ಷೆಗೆ ಆ 50 ಹರ್ಟ್ಜ್ ಟೋನ್ ಬೇಕು. ನಾಯ್ಸ್ ಕ್ಯಾನ್ಸಲಿಂಗ್ ಆಫ್ ಮಾಡಿ. ಆನ್ ಇದ್ದರೆ ಒಳಗಿನ ಮೈಕ್ ಸೋರಿಕೆಯನ್ನು ಸ್ವಲ್ಪ ಸರಿದೂಗಿಸಿ ನಿಜ ಮುಚ್ಚಿಡುತ್ತದೆ. ಸಣ್ಣ ವಾಲ್ಯೂಮಿನಲ್ಲಿ ಟೋನ್ ಹಾಕಿ, ಕನ್ನಡಕ ಹಾಕಿಕೊಂಡೇ ಕೇಳಿ. ಈಗ ಕನ್ನಡಕದ ಕಡ್ಡಿಗಳನ್ನು ಮೆಲ್ಲಗೆ ಎತ್ತಿ ಕುಶನ್ನಿನಿಂದ ಹೊರಗೆ ತನ್ನಿ. ಕುಶನ್ ಚರ್ಮಕ್ಕೆ ಅಂಟಿದ ಕ್ಷಣ ಸದ್ದು ಉಬ್ಬಿತೇ? ಸ್ವಲ್ಪ ಉಬ್ಬಿದರೆ ಸಹಜ. ಇಲ್ಲದ ಸದ್ದು ಎಲ್ಲಿಂದಲೋ ಬಂದ ಹಾಗೆ ಉಬ್ಬಿದರೆ ಆ ಕುಶನ್ನಿಗೂ ನಿಮ್ಮ ಕನ್ನಡಕಕ್ಕೂ ಆಗಿಬರುವುದಿಲ್ಲ. ಮೆತ್ತನೆಯ, ದಪ್ಪ ಫೋಮಿನ ಕುಶನ್ ಕಡ್ಡಿಯ ಸುತ್ತ ತಾನೇ ಮಡಚಿಕೊಳ್ಳುತ್ತದೆ. ಗಟ್ಟಿ ಕುಶನ್ ಕಡ್ಡಿಯ ಮೇಲೆ ಸೇತುವೆಯ ಹಾಗೆ ನಿಲ್ಲುತ್ತದೆ. ತೆಳು ಲೋಹದ ಕಡ್ಡಿಯವರಿಗೆ ಕಷ್ಟ ಕಡಿಮೆ, ದಪ್ಪ ಪ್ಲಾಸ್ಟಿಕ್ ಫ್ರೇಮಿನವರಿಗೆ ಹೆಚ್ಚು.

ಕೊನೆಗೆ ಹೆಡ್‌ಫೋನ್ ತೆಗೆದು ಫೋನಿನ ಮುಂದಿನ ಕ್ಯಾಮೆರಾದಲ್ಲಿ ಕಿವಿಯ ಸುತ್ತ ನೋಡಿಕೊಳ್ಳಿ. ಕುಶನ್ನಿನ ಆಕಾರದ ತಿಳಿಗೆಂಪು ಉಂಗುರ ಸುತ್ತಲೂ ಒಂದೇ ಸಮ ಇದ್ದರೆ ಒತ್ತು ಸಮನಾಗಿ ಹಂಚಿದೆ ಎಂದರ್ಥ. ಒಂದೇ ಕಡೆ ಗಾಢವಾಗಿ ಬಿದ್ದಿದ್ದರೆ ನಾಳೆ ನೋಯುವುದು ಆ ಜಾಗವೇ.

ಹೊಸ ಹೆಡ್‌ಫೋನ್ ತುಸು ಬಿಗಿ ಇರುವುದು ಸಾಮಾನ್ಯ, ಕೆಲವು ವಾರದಲ್ಲಿ ಹದಕ್ಕೆ ಬರುತ್ತದೆ. ಕೈಯಿಂದ ಬಗ್ಗಿಸಲು ಹೋಗಬೇಡಿ, ಕೀಲು ಒಡೆದರೆ ವಾರಂಟಿಯೂ ಹೋಯಿತು. ನಿಮ್ಮ ತಲೆಯಷ್ಟೇ ಅಗಲದ ಪುಸ್ತಕದ ಜೋಡಿಗೆ ರಾತ್ರಿ ತೊಡಿಸಿಡಿ, ಅದಕ್ಕಿಂತ ಅಗಲ ಬೇಡ. ಕಿವಿ ಪರದೆಗೆ ತಗಲುವುದು ಮಾತ್ರ ಎಷ್ಟು ದಿನ ಹೋದರೂ ಸರಿಹೋಗುವುದಿಲ್ಲ. ಕುಶನ್ ದಿನ ಕಳೆದಂತೆ ತಗ್ಗುವುದರಿಂದ ಅದು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಬಿಸಿಲಿನ ವಿಷಯ. ಮಂಡ್ಯದ ಏಪ್ರಿಲ್ ಮಧ್ಯಾಹ್ನ ಎಸಿ ಇಲ್ಲದ ಕೋಣೆಯಲ್ಲಿ ಲೆದರ್ ಮಾದರಿಯ ಕುಶನ್ ಕಾಲು ಗಂಟೆಯಲ್ಲಿ ಕಿವಿ ಬೆವರಿಸುತ್ತದೆ. ಬಟ್ಟೆಯ ಕುಶನ್ ಗಾಳಿಯಾಡುತ್ತದೆ, ಆದರೆ ಹೊರಗಿನ ಸದ್ದನ್ನೂ ಅಷ್ಟೇ ಒಳಗೆ ಬಿಡುತ್ತದೆ. ಅಂಗಡಿಯ ಎಸಿಯಲ್ಲಿ ಇದು ತಿಳಿಯುವ ಮಾತಲ್ಲ, ಮನೆಯಲ್ಲೇ ನೋಡಬೇಕು.

ನಾಯ್ಸ್ ಕ್ಯಾನ್ಸಲಿಂಗ್‌ನಿಂದ ಏನು ಆಗುತ್ತದೆ, ಏನು ಆಗುವುದಿಲ್ಲ

ಹೊರಗಿನ ಸದ್ದನ್ನು ಮೈಕ್ ಹಿಡಿದು, ಅದಕ್ಕೆ ವಿರುದ್ಧವಾದ ಅಲೆಯನ್ನು ಡ್ರೈವರ್‌ನಿಂದ (ಕಪ್ಪಿನೊಳಗಿನ ಪುಟ್ಟ ಸ್ಪೀಕರ್‌ನಿಂದ) ಹೊರಡಿಸಿ ಅಳಿಸುವುದು ಇದರ ಕೆಲಸ. ಸುಮಾರು 1,000 ಹರ್ಟ್ಜ್‌ಗಿಂತ ಕೆಳಗಿನ, ಒಂದೇ ಸಮ ಬರುವ ಸದ್ದಿಗೆ ಇದು ಚೆನ್ನಾಗಿ ನಡೆಯುತ್ತದೆ: ಬಸ್ಸಿನ ಎಂಜಿನ್, ರೈಲಿನ ಗಡಗಡ, ಸೀಲಿಂಗ್ ಫ್ಯಾನ್. ಕುಕ್ಕರ್ ಸೀಟಿ, ಮಗುವಿನ ಅಳು, ಪಕ್ಕದ ಸೀಟಿನವರ ಮಾತಿನ ಮೇಲಂಚು ಇವನ್ನು ತಡೆಯುವುದು ಕುಶನ್ನೇ. ಮತ್ತೆ ಕುಶನ್ನಿನ ಮಾತಿಗೇ ಬಂದೆವು.

ಅಂಗಡಿಯಲ್ಲಿ ಹಾಡು ಹಾಕದೆ ಎಸಿಯ ಕೆಳಗೆ ನಿಂತು ಆನ್, ಆಫ್ ಮಾಡಿ ನೋಡಿ. ಆನ್ ಮಾಡಿದಾಗ ಕಿವಿ ಅದುಮಿದ ಹಾಗೆ, ಘಾಟಿ ರಸ್ತೆ ಹತ್ತುವಾಗ ಕಿವಿ ಕಟ್ಟಿದ ಹಾಗೆ ಕೆಲವರಿಗೆ ಆಗುತ್ತದೆ. ನಿಜವಾದ ಗಾಳಿಯ ಒತ್ತಡ ಅಲ್ಲೇನೂ ಇಲ್ಲ. ಕೆಳಸ್ಥಾಯಿಯ ಸದ್ದು ಒಮ್ಮೆಲೇ ಇಲ್ಲವಾದದ್ದನ್ನು ಕಿವಿ ಹಾಗೆ ಗ್ರಹಿಸುತ್ತದೆ. ಹತ್ತು ನಿಮಿಷದಲ್ಲಿ ಅಭ್ಯಾಸವಾದರೆ ಸರಿ. ತಲೆ ಭಾರವಾಗುತ್ತಲೇ ಹೋದರೆ ಆ ಮಾದರಿ ನಿಮಗೆ ಬೇಡ, ಎಷ್ಟೇ ಹೆಸರಾಂತದ್ದಾಗಿರಲಿ. ಬಳಿಕ ಅದೇ ಹಾಡನ್ನು ಆನ್ ಮತ್ತು ಆಫ್ ಎರಡರಲ್ಲೂ ಕೇಳಿ. ಆಫ್ ಮಾಡಿದ ಕೂಡಲೇ ಬೇಸ್ ಕುಸಿದು ದನಿ ಡಬ್ಬದೊಳಗಿಂದ ಬಂದ ಹಾಗಾದರೆ ಅದನ್ನು ಸದಾ ಆನ್ ಇಟ್ಟೇ ಕೇಳಬೇಕಾಗುತ್ತದೆ.

ಕೋಡೆಕ್: ಐದು ನಿಮಿಷಕ್ಕಿಂತ ಹೆಚ್ಚು ಬೇಡ

ಸಿಡಿಯ ದತ್ತಾಂಶ ಸೆಕೆಂಡಿಗೆ 1,411 ಕಿಲೋಬಿಟ್. ಬ್ಲೂಟೂತ್ ಅದನ್ನು ಕುಗ್ಗಿಸಿ ಕಳಿಸುತ್ತದೆ, ಹಾಗೆ ಕುಗ್ಗಿಸುವ ವಿಧಾನವೇ ಕೋಡೆಕ್. ಎಲ್ಲ ಹೆಡ್‌ಫೋನಿನಲ್ಲೂ ಇರುವ ಎಸ್‌ಬಿಸಿ ಉತ್ತಮ ಮಟ್ಟದಲ್ಲಿ ಸುಮಾರು 328, ಸೋನಿ ರೂಪಿಸಿದ ಎಲ್‌ಡಿಎಸಿ 330, 660 ಅಥವಾ 990. ಐಫೋನಿನಲ್ಲಿ ಎಲ್‌ಡಿಎಸಿ ಇಲ್ಲ, ಎಸ್‌ಬಿಸಿ ಮತ್ತು ಎಎಸಿ ಎಂಬ ಇನ್ನೊಂದು ಕೋಡೆಕ್ ಮಾತ್ರ. ಐಫೋನ್ ಇಟ್ಟುಕೊಂಡವರು ಎಲ್‌ಡಿಎಸಿಗೆಂದು ಹೆಚ್ಚು ದುಡ್ಡು ಕೊಟ್ಟರೆ ಅದು ದಂಡ. ಆಂಡ್ರಾಯ್ಡ್‌ನವರು ಹೆಡ್‌ಫೋನ್ ಜೋಡಿಸಿದ ಮೇಲೆ ಬ್ಲೂಟೂತ್ ಸೆಟ್ಟಿಂಗಿನಲ್ಲಿ ಅದರ ಹೆಸರಿನ ಪಕ್ಕದ ಗುರುತು ಒತ್ತಿ ಎಲ್‌ಡಿಎಸಿ ಆನ್ ಆಗಿದೆಯೇ ನೋಡಿ. ಜನಜಂಗುಳಿಯ ರೈಲ್ವೆ ನಿಲ್ದಾಣದಲ್ಲಿ 990ಕ್ಕೆ ಕಟ್ಟಿಹಾಕಿದರೆ ಹಾಡು ತುಂಡಾಗುತ್ತದೆ, ತಾನೇ ಹೊಂದಿಸಿಕೊಳ್ಳುವ ಆಯ್ಕೆಗೆ ಬಿಡಿ. ಕುಶನ್ ಸರಿಯಾಗಿ ಕೂರದಿರುವುದರಿಂದ ಆಗುವ ನಷ್ಟದ ಮುಂದೆ ಕೋಡೆಕ್‌ನ ವ್ಯತ್ಯಾಸ ಚಿಕ್ಕದು. ಡ್ರೈವರ್ ಅಳತೆಯೂ ಹಾಗೆಯೇ: ಸೋನಿಯ ಎಕ್ಸ್‌ಎಂ4ರಲ್ಲಿ 40 ಮಿಲಿಮೀಟರ್ ಇದ್ದದ್ದು ಎಕ್ಸ್‌ಎಂ5ರಲ್ಲಿ 30ಕ್ಕೆ ಇಳಿಯಿತು. ದೊಡ್ಡ ಅಂಕಿ ಕಂಡ ಮಾತ್ರಕ್ಕೆ ಒಳ್ಳೆಯ ಧ್ವನಿ ಎಂದುಕೊಳ್ಳಬೇಡಿ.

ಕೇಳುವ ಪರೀಕ್ಷೆ

ಎರಡು ಮಾದರಿಯನ್ನು ಹೋಲಿಸುವಾಗ ಮೊದಲು ಸದ್ದಿನ ಮಟ್ಟ ಸಮ ಮಾಡಿ. ಒಂದೆರಡು ಡೆಸಿಬಲ್ ಹೆಚ್ಚಿಗೆ ಕೇಳಿಸುವ ಹೆಡ್‌ಫೋನ್ ಹೆಚ್ಚು ಸ್ಪಷ್ಟ, ಹೆಚ್ಚು ತುಂಬು ಎನ್ನಿಸುತ್ತದೆ; ಕಿವಿಯ ಗುಣವೇ ಅದು. ಎರಡರಲ್ಲೂ ವಾಲ್ಯೂಮ್ 60 ಶೇಕಡಾ ಇಟ್ಟರೆ ಸಮವಾಗುವುದಿಲ್ಲ, ಒಂದೊಂದರ ಆಂಪ್ಲಿಫೈಯರ್ ಒಂದೊಂದು ಥರ. ಹಾಡುಗಾರಿಕೆಯ ಅದೇ ಹತ್ತು ಸೆಕೆಂಡನ್ನು ಎರಡರಲ್ಲೂ ಮತ್ತೆ ಮತ್ತೆ ಹಾಕಿ, ಗಾಯಕರ ಕಂಠ ಒಂದೇ ಎತ್ತರಕ್ಕೆ ಕೇಳಿಸುವವರೆಗೆ ಏರಿಸಿ ಇಳಿಸಿ. ತೀರ್ಪೆಲ್ಲ ಅದರ ನಂತರ.

ಮೈಸೂರಿನವರ ಕಿವಿಗೆ ಪಳಗಿದ ಕರ್ನಾಟಕ ಸಂಗೀತ ಇಂಥ ಪರೀಕ್ಷೆಗೆ ಬಹಳ ಒಳ್ಳೆಯ ಸಾಮಗ್ರಿ, ಯಾಕೆಂದರೆ ಆ ವಾದ್ಯಗಳು ಎದುರಿಗೆ ಹೇಗೆ ಕೇಳಿಸುತ್ತವೆ ಎಂಬುದು ಇಲ್ಲಿ ಅನೇಕರಿಗೆ ಗೊತ್ತು. ಕಂಪ್ಯೂಟರಿನಲ್ಲಿ ಹುಟ್ಟಿಸಿದ ಬೇಸ್ ನಿಜಕ್ಕೆ ಹೇಗಿರಬೇಕೆಂದು ಯಾರಿಗೂ ಹೇಳಲಾಗದು, ಮೃದಂಗ ಹೇಗಿರಬೇಕೆಂದು ಹೇಳಬಹುದು.

ಮೃದಂಗದಿಂದಲೇ ಶುರು ಮಾಡಿ. ಬಲಗಡೆಯ ‘ನಂ’ ಬೆರಳು ತಾಗಿದ ಕ್ಷಣವೇ ಗರಿಗರಿಯಾಗಿ ಕೇಳಿಸಬೇಕು. ಎಡಗಡೆಯ ‘ತೊಂ’ಗೆ ಒಂದು ಆರಂಭ, ಒಂದು ಮೈ, ಒಂದು ಕೊನೆ ಇರಬೇಕು. ಎಡ ಮುಖವನ್ನು ಕೈಯಿಂದ ಒತ್ತಿ ಗುಮ್ಕಿ ಎಳೆದಾಗ ಸ್ವರ ಮೇಲಕ್ಕೆ ಜಾರುವುದು ಕಿವಿಗೆ ತಿಳಿಯಬೇಕು. ಬೇಸ್ ಉಬ್ಬಿಸಿದ ಹೆಡ್‌ಫೋನಿನಲ್ಲಿ ಆ ಜಾರು ಕಳೆದುಹೋಗಿ ಬರೀ ‘ಬೊಂ’ ಉಳಿಯುತ್ತದೆ, ಪ್ರತಿ ‘ತೊಂ’ಗೂ ಗಾಯಕರ ದನಿ ಒಂದು ಕ್ಷಣ ಮಬ್ಬಾಗುತ್ತದೆ. ಮಿಶ್ರಣದಲ್ಲಿ ಕಂಠ ಮಬ್ಬಾಗುವುದನ್ನು ಗಮನಿಸಲು ಮೃದಂಗ ಒಂದೇ ನುಡಿಯುವ ತನಿ ಆವರ್ತನಕ್ಕಿಂತ ಕೃತಿಯ ಚರಣ ಒಳ್ಳೆಯದು.

ತಂಬೂರಿ ಮೇಲಂಚಿನ ಪರೀಕ್ಷೆ. ಗಾಯಕರ ಶ್ರುತಿ ಸಿ ಶಾರ್ಪ್ ಆದರೆ ಷಡ್ಜ ಸುಮಾರು 139 ಹರ್ಟ್ಜ್, ಮಂದ್ರದ ತಂತಿ ಅದರ ಅರ್ಧ. ಆದರೆ ಜೀವಾಳಿಯ ಎಳೆ (ಕುದುರೆಯ ಮೇಲೆ ತಂತಿಯಡಿ ಇಡುವ ನೂಲು) ಸರಿಯಾಗಿ ಕೂತ ತಂಬೂರಿಯ ಸೊಗಸು ಆ ಮೂಲಸ್ವರದಲ್ಲಿಲ್ಲ, ಅದರ ಮೇಲೆ ಸಾಲುಗಟ್ಟಿ ಏಳುವ ಅನುಸ್ವರಗಳಲ್ಲಿದೆ. ಒಂದು ಮೀಟಿನ ಝೇಂಕಾರ ಅರಳಿ ಮುಂದಿನ ಮೀಟಿನೊಳಗೆ ಕರಗುವುದು ಬಿಡಿಬಿಡಿಯಾಗಿ ಕೇಳಿಸುತ್ತದೆಯೇ, ಇಲ್ಲ ಸೊಳ್ಳೆಯ ಗುಂಯ್‌ಗುಟ್ಟುವಿಕೆಯಾಗಿ ಉಳಿಯುತ್ತದೆಯೇ ನೋಡಿ.

ವೀಣೆಯಲ್ಲಿ ಮೀಟಿನ ಉಗುರಿನ ಸದ್ದು, ಅದರ ನಂತರದ ನಾದ ಎರಡೂ ಬೇರೆಬೇರೆಯಾಗಿ ಸಿಗಬೇಕು. ಉಗುರು ಮಾತ್ರ ಕಿರ್ರೆಂದರೆ ಟ್ರೆಬಲ್ ಅತಿ, ಉಗುರೇ ಇಲ್ಲದೆ ನಾದ ಮಾತ್ರ ತೇಲಿದರೆ ಕಡಿಮೆ. ಹೆಣ್ಣು ಕಂಠದ ‘ಸ’, ‘ಶ’ ಅಕ್ಷರಗಳು 5ರಿಂದ 8 ಸಾವಿರ ಹರ್ಟ್ಜ್ ಸುತ್ತ ಬರುತ್ತವೆ. ಅವು ಚುಚ್ಚಿದರೆ ಅರ್ಧ ಗಂಟೆಯಲ್ಲಿ ಕಿವಿ ದಣಿಯುತ್ತದೆ.

ಹಳೆಯ ಕಾಲದ ಮಾನೋ ಧ್ವನಿಮುದ್ರಣಗಳಿಂದ ಟ್ರೆಬಲ್ ಅಳೆಯಲು ಹೋಗಬೇಡಿ, ಮೇಲಿನ ಅನುಸ್ವರಗಳು ಆ ಮುದ್ರಣದಲ್ಲೇ ಇಲ್ಲ. ಆದರೆ ಅವುಗಳಿಂದ ಇನ್ನೊಂದು ಉಪಯೋಗವಿದೆ. ಮಾನೋ ಎಂದರೆ ಎರಡೂ ಕಿವಿಗೆ ಒಂದೇ ಸದ್ದು, ದನಿ ಹಣೆಯ ನಟ್ಟನಡುವೆ ನಿಲ್ಲಬೇಕು. ಬಲಕ್ಕೆ ವಾಲಿದರೆ ಹೆಡ್‌ಫೋನನ್ನು ಹಿಂದುಮುಂದು ತಿರುಗಿಸಿ, ಬಲ ಕಪ್ಪು ಎಡ ಕಿವಿಗೆ ಬರುವ ಹಾಗೆ ಹಾಕಿ. ಈಗ ದನಿ ಎಡಕ್ಕೆ ವಾಲಿದರೆ ದೋಷ ಹೆಡ್‌ಫೋನಿನದ್ದು, ಆ ಪೀಸ್ ಬೇಡ. ಆಗಲೂ ಬಲಕ್ಕೇ ವಾಲಿದರೆ ಹೆಡ್‌ಫೋನಿನ ತಪ್ಪಿಲ್ಲ. ಎಡಗಡೆ ಕುಶನ್ ಸೋರುತ್ತಿರಬೇಕು, ಇಲ್ಲವೇ ಎಡಗಿವಿಯಲ್ಲಿ ಗುಗ್ಗೆ ಕಟ್ಟಿರಬೇಕು, ಅಥವಾ ಆ ಕಿವಿಯ ಕೇಳುವ ಶಕ್ತಿಯೇ ಸ್ವಲ್ಪ ಇಳಿದಿರಬಹುದು. ಮೈಸೂರಿನವರಿಗೆ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅನುಮಾನವಿದ್ದರೆ 30 ಸಾವಿರ ಸುರಿಯುವ ಮೊದಲು ಅಲ್ಲೊಮ್ಮೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ.

ಇನ್ನೊಂದು ಪರೀಕ್ಷೆ ಉಳಿಯಿತು. ಅದೇ ಹಾಡು ಹಾಕಿಟ್ಟು ಹೆಡ್‌ಫೋನನ್ನು ಮೂರು ಸಲ ತೆಗೆದು ಮೂರು ಸಲ ಹಾಕಿ. ಪ್ರತಿ ಸಲವೂ ಧ್ವನಿ ಬದಲಾದರೆ ಕುಶನ್ ನಿಮ್ಮ ತಲೆಗೆ ಒಂದೇ ಥರ ಕೂರುತ್ತಿಲ್ಲ. ಅಂಥದ್ದನ್ನು ಈಕ್ವಲೈಸರ್‌ನಿಂದ ಸರಿಮಾಡಲು ಆಗುವುದಿಲ್ಲ. ಒಂದೇ ಥರ ಕೇಳಿಸಿ, ಬೇಸ್ ಮಾತ್ರ ಸ್ವಲ್ಪ ಹೆಚ್ಚೆನಿಸಿದರೆ ಆಪ್‌ನಲ್ಲಿ ಎರಡು ಮೂರು ಡೆಸಿಬಲ್ ಇಳಿಸಿದರೆ ಸಾಕು.

ಕೊಂಡ ಮೇಲೆ, ವಾಪಸ್ ಅವಧಿ ಮುಗಿಯುವ ಮೊದಲು

ವಾಪಸ್ ಎಷ್ಟು ದಿನ, ತೆರೆದ ಪೀಸ್ ತೆಗೆದುಕೊಳ್ಳುತ್ತಾರೆಯೇ ಎಂಬುದನ್ನು ಬಿಲ್ ಮಾಡಿಸುವ ಮೊದಲೇ ಕೇಳಿ. ಡಬ್ಬ, ಪ್ಲಾಸ್ಟಿಕ್ ಹೊದಿಕೆ ಎಲ್ಲವೂ ಇರಲಿ. ಬಿಲ್ಲಿನ ಸೀರಿಯಲ್ ನಂಬರ್ ಡಬ್ಬದ ಮೇಲಿನದಕ್ಕೂ ಆಪ್‌ನಲ್ಲಿ ಕಾಣುವುದಕ್ಕೂ ಹೊಂದಬೇಕು. ಬದಲಿ ಕುಶನ್ ಭಾರತದಲ್ಲಿ ಸಿಗುತ್ತದೆಯೇ, ಬೆಲೆ ಎಷ್ಟು ಎಂದೂ ವಿಚಾರಿಸಿ.

ಮೊದಲ ವಾರದಲ್ಲಿ ಒಂದು ಸಲ ಎರಡು ಗಂಟೆ ಬಿಡದೆ ಹಾಕಿಕೊಳ್ಳಿ, ಒಂದು ಸಲ ಮಧ್ಯಾಹ್ನದ ಸೆಕೆಯಲ್ಲಿ, ಒಂದು ಸಲ ಬಸ್ಸಿನಲ್ಲೋ ರೈಲಿನಲ್ಲೋ. ಮೈಸೂರಿನ ಹೆಬ್ಬಾಳದ ಕಡೆ ಐಟಿ ಕೆಲಸದವರು ಲ್ಯಾಪ್‌ಟಾಪಿಗೆ ಜೋಡಿಸಿ ಒಂದು ಮೀಟಿಂಗ್ ಮಾಡಿ ನೋಡಿ. ಮೀಟಿಂಗ್ ಶುರುವಾದ ಕೂಡಲೇ ಧ್ವನಿ ಹಳೆಯ ಟೆಲಿಫೋನಿನ ಹಾಗಾದರೆ ಹೆದರಬೇಡಿ. ಹೆಡ್‌ಫೋನಿನ ಮೈಕ್ ಎಚ್ಚರವಾದಾಗ ಬ್ಲೂಟೂತ್ ಸಂಗೀತದ ಮಾರ್ಗ ಬಿಟ್ಟು ಕರೆಯ ಮಾರ್ಗಕ್ಕೆ ಹೊರಳುತ್ತದೆ. ಮೀಟಿಂಗ್ ಆಪ್‌ನಲ್ಲಿ ಮೈಕ್ ಜಾಗದಲ್ಲಿ ಲ್ಯಾಪ್‌ಟಾಪಿನದ್ದನ್ನೇ ಆರಿಸಿದರೆ ಕೇಳುವ ಧ್ವನಿ ಮೊದಲಿನಂತಾಗುತ್ತದೆ.

ಸದ್ದಿನ ಮಿತಿಯನ್ನು ಇದೇ ವಾರ ರೂಢಿಸಿಕೊಳ್ಳಿ. ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಪ್ರತಿ 3 ಡೆಸಿಬಲ್ ಏರಿದರೆ ಹೊತ್ತು ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 90ಕ್ಕೆ ಹತ್ತಿರತ್ತಿರ 4. ಬಸ್ಸಿನಲ್ಲಿ ಕುಶನ್ ಸರಿಯಾಗಿ ಕೂತು ನಾಯ್ಸ್ ಕ್ಯಾನ್ಸಲಿಂಗ್ ಕೆಲಸ ಮಾಡುತ್ತಿದ್ದರೆ ವಾಲ್ಯೂಮ್ ಏರಿಸುವ ಅಗತ್ಯವೇ ಬೀಳುವುದಿಲ್ಲ. ಬೀಳುತ್ತಿದ್ದರೆ ಮತ್ತೊಮ್ಮೆ ಕನ್ನಡಕದ ಕಡ್ಡಿ, ಕೂದಲು ನೋಡಿಕೊಳ್ಳಿ. ಸ್ಕೂಟರಿನ ಮೇಲೆ, ರಸ್ತೆ ದಾಟುವಾಗ ಹಾಕಿಕೊಳ್ಳುವುದಂತೂ ಬೇಡವೇ ಬೇಡ.

ಕುಶನ್ ಬಾಳಿಕೆಗೆ ದೊಡ್ಡ ಶತ್ರು ಬೆವರು ಮತ್ತು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ. ಎಣ್ಣೆ ಹಚ್ಚಿದ ದಿನ ಹೆಡ್‌ಫೋನ್ ಮುಟ್ಟಬೇಡಿ. ಪ್ರತಿ ಸಲ ತೆಗೆದ ಮೇಲೆ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಕುಶನ್ ಒರೆಸಿ, ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಗಾಳಿಗೆ ಕಾಲು ಗಂಟೆ ಬಿಟ್ಟು ಆಮೇಲೆ ಕೇಸಿಗೆ ಹಾಕಿ. ಸ್ಯಾನಿಟೈಸರ್ ಹಚ್ಚಿದರೆ ಮೇಲ್ಪದರ ಬಿರಿಯುತ್ತದೆ. ಪದರ ಸುಲಿಯಲು ಶುರುವಾಯಿತೆಂದರೆ ಮೊದಲು ಮಾಡಿದ ಆ 50 ಹರ್ಟ್ಜ್ ಪರೀಕ್ಷೆಯನ್ನೇ ಮತ್ತೆ ಮಾಡಿ. ಟೋನ್ ಹಾಕಿಟ್ಟು ಕಪ್ಪನ್ನು ಕೈಯಿಂದ ಮೆಲ್ಲಗೆ ಅದುಮಿದಾಗ ಸದ್ದು ಉಬ್ಬಿದರೆ ಕುಶನ್ ಬದಲಿಸುವ ಕಾಲ ಬಂದಿದೆ.